ಚನ್ನಪಟ್ಟಣದಿಂದ ಕಡಲಾಚೆಗೆ: ಆನ್‌ಲೈನ್ ರಫ್ತಿನಲ್ಲಿ ದಾಸ್ತಾನು ಎಲ್ಲಿರಬೇಕು?

2025ರ ಆಗಸ್ಟ್ 25ರಿಂದ ಭಾರತೀಯ ಅಂಚೆ ಇಲಾಖೆ ಅಮೆರಿಕಕ್ಕೆ ಹೋಗುವ ಪಾರ್ಸೆಲ್‌ಗಳ ಬುಕಿಂಗ್ ನಿಲ್ಲಿಸಿತು. ಸೇವೆ ಮತ್ತೆ ಆರಂಭವಾದದ್ದು ಅಕ್ಟೋಬರ್ 15ಕ್ಕೆ. ನಡುವಿನ 51 ದಿನಗಳು ಕ್ರಿಸ್‌ಮಸ್ ಮಾರಾಟದ ಸರಕು ಹೊರಡಬೇಕಾದ ದಿನಗಳೇ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ ಚೀನಾ, ಹಾಂಗ್‌ಕಾಂಗ್‌ಗಳ ಪಾಲಿಗೆ ಮೇ 2ರಂದೇ ಹೋಗಿತ್ತು. ಆಗಸ್ಟ್ 29ಕ್ಕೆ ಎಲ್ಲ ದೇಶಗಳಿಗೂ ಹೋಯಿತು. ಸುಂಕವನ್ನು ಯಾರು, ಎಲ್ಲಿ ವಸೂಲಿ ಮಾಡಬೇಕೆಂಬುದು ಸ್ಪಷ್ಟವಾಗದೆ ವಿಮಾನ ಸಂಸ್ಥೆಗಳು ಅಂಚೆ ಚೀಲ ಒಯ್ಯಲು ಒಪ್ಪಲಿಲ್ಲ. ಇದರ ಮೇಲೆ, ಆಗಸ್ಟ್ 27ರಿಂದ ಭಾರತದ ಹಲವು ಸರಕುಗಳ ಮೇಲಿನ ಹೆಚ್ಚುವರಿ ಸುಂಕ ಶೇ. 50ಕ್ಕೇರಿತು.

ಗಡಿ ದಾಟುವ ಆನ್‌ಲೈನ್ ವ್ಯಾಪಾರದ ಅಪಾಯವನ್ನು ಸಾಮಾನ್ಯವಾಗಿ ದೂರದ ಲೆಕ್ಕದಲ್ಲಿ ಅಳೆಯುತ್ತಾರೆ. ಅಳೆಯಬೇಕಾದದ್ದು ಅವಧಿಯ ಅನಿಶ್ಚಿತತೆಯನ್ನು ಎಂಬುದು ನನ್ನ ವಾದ. ಅದಕ್ಕೆ ಚನ್ನಪಟ್ಟಣದ ಅರಗಿನ ಆಟಿಕೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಆಟಿಕೆ ಹಗುರ, ಕೆಡದು, ಪಾರ್ಸೆಲ್‌ಗೆ ಹೇಳಿ ಮಾಡಿಸಿದಂತಿದೆ. ಆದರೂ ಅದರ ದಾಸ್ತಾನು ನಿರ್ವಹಣೆ ಸುಲಭವಲ್ಲ.

ಮೊದಲು ಒಂದು ಲೆಕ್ಕ. ಸರಕು ಮುಗಿಯದಂತೆ ಹೆಚ್ಚಿಗೆ ಇಡುವ ಸುರಕ್ಷತಾ ದಾಸ್ತಾನಿನ ರೂಢಿಯ ಸೂತ್ರದಲ್ಲಿ ಎರಡು ಪದಗಳಿವೆ: ಬೇಡಿಕೆಯ ಏರಿಳಿತದ್ದೊಂದು, ಪೂರೈಕೆ ಅವಧಿಯ ಏರಿಳಿತದ್ದೊಂದು. ದಿನಕ್ಕೆ ಸರಾಸರಿ 10 ಆಟಿಕೆ ಮಾರಾಟ, ಮಾನಕ ವಿಚಲನೆ 4. ಸರಕು ತಲುಪಲು ಸರಾಸರಿ 30 ದಿನ, ವಿಚಲನೆ 2 ದಿನ ಎಂದಿಟ್ಟುಕೊಳ್ಳೋಣ. ನೂರಕ್ಕೆ 95 ಸಲ ಸರಕು ಮುಗಿಯಬಾರದೆಂದರೆ ಸುಮಾರು 49 ಆಟಿಕೆ ಹೆಚ್ಚಿಗೆ ಇರಬೇಕು. ಸರಾಸರಿ 30 ದಿನವೇ ಇದ್ದು ವಿಚಲನೆ 10 ದಿನಕ್ಕೇರಿದರೆ ಆ 49 ಎಂಬುದು 169 ಆಗುತ್ತದೆ. ಈಗ ದುಬಾರಿ ಸೇವೆ ಹಿಡಿದು ಸರಾಸರಿಯನ್ನು 20 ದಿನಕ್ಕೆ ಇಳಿಸಿ, ಅನಿಶ್ಚಿತತೆ ಮಾತ್ರ ಹಾಗೇ ಉಳಿದಿದೆ ಎನ್ನಿ. ಆಗಲೂ 168 ಬೇಕು. ಹತ್ತು ದಿನದ ವೇಗ ಕೊಂಡದ್ದಕ್ಕೆ ಸುರಕ್ಷತಾ ದಾಸ್ತಾನಿನಲ್ಲಿ ಉಳಿದದ್ದು ಒಂದು ಬುಗುರಿ! ಕಡಲ ಹಾದಿಯ ಪಾಠವೂ ಇದೇ. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಹಲವು ಹಡಗುಗಳು ಗುಡ್ ಹೋಪ್ ಭೂಶಿರ ಬಳಸಿ ಹೋದವು. ಹಾದಿ ಉದ್ದವಾಯಿತೆಂಬುದನ್ನು ಒಮ್ಮೆ ಲೆಕ್ಕಕ್ಕೆ ಸೇರಿಸಿಕೊಂಡರೆ ಮುಗಿಯಿತು. ಹಡಗು ಯಾವ ವಾರ ಬರುತ್ತದೆಂದು ತಿಳಿಯದಿದ್ದರೆ ಪ್ರತಿ ಸಲವೂ ದಂಡ. ಬಾಗಿಲೇ 51 ದಿನ ಮುಚ್ಚಿದರೆ ಈ ಸೂತ್ರವೂ ಕೈಕೊಡುತ್ತದೆ ಎನ್ನುವುದನ್ನು ಒಪ್ಪಬೇಕು.

ಹಾಗಾದರೆ ಸರಕನ್ನು ಮೊದಲೇ ಅಮೆರಿಕದ ಗೋದಾಮಿಗೆ ಕಳಿಸಿಟ್ಟರೆ? ಸುಂಕದ ಲೆಕ್ಕವೂ ಅತ್ತಲೇ ವಾಲುತ್ತದೆ. 40 ಡಾಲರ್‌ಗೆ ಗ್ರಾಹಕರಿಗೆ ನೇರ ಹೋಗುವ ಆಟಿಕೆಗೆ 2025ರ ಆ ಶೇ. 50 ಸುಂಕ ಎಂದರೆ 20 ಡಾಲರ್. ಅದನ್ನೇ ಅಲ್ಲಿನ ಆಮದುದಾರ 14 ಡಾಲರ್ ಸಗಟು ಬೆಲೆಗೆ ಕೊಂಡರೆ ಸುಂಕ 7 ಡಾಲರ್. (ಬೆಲೆಗಳು ಕಲ್ಪಿತ, ಸುಂಕ ಬೀಳುವುದು ಖರೀದಿ ಬೆಲೆಯ ಮೇಲೆ ಎನ್ನುವ ನಿಯಮ ಕಲ್ಪಿತವಲ್ಲ.) ಆದರೆ ಕಡಲು ದಾಟಿದ ದಾಸ್ತಾನು ಹಿಂದಕ್ಕೆ ಬರುವುದಿಲ್ಲ. ಬರಲು ಅಡ್ಡಿಯಿಲ್ಲ, ತರುವ ಖರ್ಚು ಆಟಿಕೆಯ ಬೆಲೆಯನ್ನೇ ನುಂಗುತ್ತದೆ, ಅಷ್ಟೆ. ಅಮೆಜಾನ್‌ನ ಗೋದಾಮಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಾಡಿಗೆ ಹೆಚ್ಚು. ಆರು ತಿಂಗಳು ದಾಟಿದ ಸರಕಿಗೆ ಮೇಲೊಂದು ಶುಲ್ಕ. ಬೇಡಿಕೆ ತಿಳಿಯುವ ಮುನ್ನವೇ ಎಷ್ಟು ಸರಕು ಕಳಿಸಬೇಕೆಂದು ನಿರ್ಧರಿಸುವ ಈ ಇಕ್ಕಟ್ಟನ್ನೇ ದಾಸ್ತಾನು ಶಾಸ್ತ್ರ ಪತ್ರಿಕೆ ಮಾರುವವನ ಸಮಸ್ಯೆ ಎಂದು ಕರೆಯುತ್ತದೆ. ವ್ಯತ್ಯಾಸವೆಂದರೆ ನಿನ್ನೆಯ ಪತ್ರಿಕೆ ರದ್ದಿಗಾದರೂ ಹೋಗುತ್ತದೆ.

ಇಂಥಲ್ಲಿ ಪಠ್ಯಪುಸ್ತಕ ಸೂಚಿಸುವ ಉಪಾಯ, ಕೊನೆಯ ಹಂತವನ್ನು ತಡಮಾಡುವುದು. ಇಟಲಿಯ ಬೆನೆಟನ್ ಕಂಪನಿ ಸ್ವೆಟರುಗಳನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಯಾವ ಬಣ್ಣ ಓಡುತ್ತದೆಂದು ತಿಳಿದ ಮೇಲೆ ಆ ಬಣ್ಣದಲ್ಲಿ ಅದ್ದಿಸುತ್ತಿತ್ತು. ಇದನ್ನು ಚನ್ನಪಟ್ಟಣಕ್ಕೆ ಹಾಗೆಯೇ ತರಲಾಗದು. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಉಳಿ ಆಡಿಸಿ ಆಕಾರ ಕೊಡುತ್ತಾರೆ. ಅದು ತಿರುಗುತ್ತಿರುವಂತೆಯೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆ ಗರಿ ಹಿಡಿದು ಹೊಳಪು. ಆಕಾರ, ಬಣ್ಣ, ಹೊಳಪು ಮೂರೂ ಒಂದೇ ಸಲಕ್ಕೆ ಮುಗಿಯುವ ಕೆಲಸ. ಬಣ್ಣವನ್ನು ಮುಂದಕ್ಕೆ ಹಾಕಿದರೆ ತುಂಡನ್ನು ಲೇತಿಗೆ ಎರಡನೇ ಸಲ ಏರಿಸಬೇಕು; ಕೇಂದ್ರ ತುಸು ತಪ್ಪಿದರೂ ಅರಗು ಒಂದೇ ಸಮ ಹತ್ತದು.

ಆದ್ದರಿಂದ ತಡೆದು ನಿಲ್ಲಿಸಬಹುದಾದ ಜಾಗ ಎರಡೇ. ಒಂದು, ಲೇತಿಗೆ ಮುಂಚೆ, ಒಣಗಿದ ಮರದ ರೂಪದಲ್ಲಿ. ಇನ್ನೊಂದು, ಲೇತಿನ ನಂತರ ಜೋಡಣೆಗೆ ಮುಂಚೆ, ಬಿಡಿಭಾಗಗಳ ರೂಪದಲ್ಲಿ. ಒಂದೇ ಅಳತೆಯ ಬಳೆ, ಮಣಿ, ಚಕ್ರ ಹಲವು ಆಟಿಕೆಗೆ ಹೊಂದುವಂತೆ ವಿನ್ಯಾಸ ಮಾಡಿದರೆ, ಎಳೆಯುವ ಆನೆ ಓಡದಿದ್ದಾಗ ಅದರ ಚಕ್ರ ರೈಲಿಗಾದರೂ ಬರುತ್ತದೆ. ಅಮೆರಿಕದ ಸುರಕ್ಷತಾ ಕಾನೂನೂ ಇದಕ್ಕೆ ಪುಷ್ಟಿ ಕೊಡುತ್ತದೆ: ಮಕ್ಕಳ ಆಟಿಕೆಯ ಲೇಪನದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರುವಂತಿಲ್ಲ, ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆಯೂ ಬೇಕು. ಹೊಸ ಬಣ್ಣವೊಂದಕ್ಕೆ ಮತ್ತೊಂದು ಪರೀಕ್ಷೆಯ ಖರ್ಚು ಎಂದಾದಾಗ, ಬಣ್ಣಗಳನ್ನು ಮಿತಿಯಲ್ಲಿಟ್ಟು ಭಾಗಗಳನ್ನು ಹಂಚಿಕೊಳ್ಳುವುದೇ ಲಾಭ.

ತೊಡಕಿರುವುದು ಹಣದ ಕಡೆ. ಹಸಿ ಮರ ಒಣಗಲು ಎರಡು ಮೂರು ತಿಂಗಳು ಬೇಕು. ಸೆಪ್ಟೆಂಬರ್ ಆರ್ಡರಿಗೆ ಮರ ಕೈಗೆ ಬರಬೇಕೆಂದರೆ ಮೇ-ಜೂನ್‌ನಲ್ಲೇ ಕೊಂಡು ಪೇರಿಸಿರಬೇಕು. ದಾಸ್ತಾನನ್ನು ಗೋದಾಮಿನಿಂದ ಕಾರ್ಖಾನೆಯ ಹಿತ್ತಿಲಿಗೆ ಸರಿಸಿ ಎಂದು ನಾನು ವಾದಿಸುವಾಗ, ಆ ಮೂರು ತಿಂಗಳ ಬಡ್ಡಿಯನ್ನೂ ಮಾರಾಟಗಾರರಿಂದ ಕುಶಲಕರ್ಮಿಯ ತಲೆಗೆ ಸರಿಸುತ್ತಿದ್ದೇನೆ. ಮರದ ಮುಂಗಡವನ್ನು ಮಾರಾಟಗಾರರೇ ಕೊಡುವ ಕರಾರಿಲ್ಲದೆ ಮೇಲಿನ ಲೆಕ್ಕ ಕಾಗದದ ಮೇಲಷ್ಟೇ ಸರಿಹೋಗುತ್ತದೆ.