ಲೇತ್‌ನಲ್ಲಿ ಥ್ರೆಡ್ ಕೊರೆಯಲು ಗೇರ್ ಜೋಡಣೆ: ಲೆಕ್ಕ ಮತ್ತು ಎಚ್ಚರಿಕೆ

ಬೋಲ್ಟ್‌ಗೆ ನಟ್ ಏರಿಸುವಾಗ ಮೊದಲ ಎರಡು ಮೂರು ಸುತ್ತು ಸರಾಗವಾಗಿ ಸಾಗಿ, ಅನಂತರ ಬಿಗಿಯಾಗಿ ನಿಂತುಬಿಡುವುದುಂಟು. ಥ್ರೆಡ್‌ನ ಆಳ ಸರಿಯಾಗಿದ್ದೂ ಹೀಗಾದರೆ ದೋಷ ಹೆಚ್ಚಾಗಿ ಅದರ ಪಿಚ್‌ನಲ್ಲಿರುತ್ತದೆ. ಅದರ ಮೂಲವನ್ನು ಹುಡುಕುತ್ತ ಹೋದರೆ, ಲೇತ್ ಯಂತ್ರದ ಎಡಬದಿಯ ಮುಚ್ಚಳದೊಳಗೆ ತಪ್ಪಾಗಿ ಕುಳಿತ ಒಂದು ಗೇರ್ ಕಣ್ಣಿಗೆ ಬೀಳುತ್ತದೆ. ಗಂಟೆಗಟ್ಟಲೆ ಶ್ರಮಿಸಿ ತಿರುವಿದ ಶಾಫ್ಟ್ ಅಲ್ಲಿಗೆ ಗುಜರಿ ಪಾಲಾಗುತ್ತದೆ. ಎರಡು ನಿಮಿಷದ ಲೆಕ್ಕ ಹಾಗೂ ಒಂದು ಸಣ್ಣ ಪರೀಕ್ಷೆಯಿಂದ ಈ ನಷ್ಟವನ್ನು ತಪ್ಪಿಸಬಹುದು.

ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಈ ಕೆಲಸ ಗೇರ್ ಬದಲಿಸದೆಯೇ ನಡೆಯುತ್ತದೆ. ಆದರೆ ದುರಸ್ತಿ ಕೆಲಸದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಳೆಯ ಲೇತ್‌ಗಳು ಇನ್ನೂ ತಿರುಗುತ್ತಿವೆ. ಅಲ್ಲಿ ಗೇರ್ ಲೆಕ್ಕ ಬಲ್ಲ ಕುಶಲಕರ್ಮಿಗೆ ಬೇಡಿಕೆ ತಪ್ಪಿಲ್ಲ.

ಹಿನ್ನೆಲೆ

ಇಂಗ್ಲೆಂಡಿನ ಹೆನ್ರಿ ಮೌಡ್‌ಸ್ಲೇ 1800ರ ಸುಮಾರಿಗೆ ನಿರ್ಮಿಸಿದ ಲೇತ್‌ನಲ್ಲಿ ಲೀಡ್‌ಸ್ಕ್ರೂ, ಉಳಿಯನ್ನು ಹಿಡಿದು ಜಾರುವ ಪೀಠ ಮತ್ತು ಬದಲಾಯಿಸಬಹುದಾದ ಗೇರ್‌ಗಳು ಒಂದುಗೂಡಿದವು. ಅವರ ಬಳಿ ದುಡಿದಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್‌ಗಳಿಗೆ ಏಕರೂಪದ ಮಾನದಂಡವನ್ನು ಮುಂದಿಟ್ಟರು.

ಕರ್ನಾಟಕಕ್ಕೂ ಲೇತ್‌ಗೂ ಹಳೆಯ ನಂಟಿದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಹಾಗೂ ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ತಯಾರಿಸಿದ ಲೇತ್‌ಗಳು ದೇಶದ ಅನೇಕ ಕಾರ್ಖಾನೆಗಳನ್ನು ಸೇರಿದವು. ಮೆಟ್ರಿಕ್ ಪದ್ಧತಿಗೆ ಭಾರತದಲ್ಲಿ ಕಾನೂನು ರೂಪುಗೊಂಡದ್ದು 1956ರಲ್ಲಿ. ಆದ್ದರಿಂದ ಹಳೆಯ ಲೇತ್‌ಗಳಲ್ಲಿ ಇಂಚಿನ ಲೀಡ್‌ಸ್ಕ್ರೂ ಕಂಡುಬಂದರೆ ಅಚ್ಚರಿಯಿಲ್ಲ. ಕೆಲಸ ಆರಂಭಿಸುವ ಮುನ್ನ ಇದನ್ನು ತಿಳಿದುಕೊಳ್ಳುವುದೇ ಮೊದಲ ಹೆಜ್ಜೆ.

ಮೂಲ ಸೂತ್ರ

ಸ್ಪಿಂಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಉಳಿಯು ಕೊರೆಯಬೇಕಾದ ಥ್ರೆಡ್‌ನ ಒಂದು ಪಿಚ್‌ನಷ್ಟೇ ದೂರ ಸಾಗಬೇಕು. ಉಳಿಯನ್ನು ಸಾಗಿಸುವುದು ಲೀಡ್‌ಸ್ಕ್ರೂ. ಸ್ಪಿಂಡಲ್ ಕಡೆಯ ಗೇರ್ ಅನ್ನು ಡ್ರೈವರ್ ಎಂದೂ, ಲೀಡ್‌ಸ್ಕ್ರೂ ಕಡೆಯದನ್ನು ಡ್ರಿವನ್ ಎಂದೂ ಕರೆಯುತ್ತಾರೆ. ಡ್ರೈವರ್‌ನ ಹಲ್ಲುಗಳನ್ನು ಡ್ರಿವನ್‌ನ ಹಲ್ಲುಗಳಿಂದ ಭಾಗಿಸಿದಾಗ ಬರುವ ಅನುಪಾತವು, ಥ್ರೆಡ್‌ನ ಪಿಚ್ ಅನ್ನು ಲೀಡ್‌ಸ್ಕ್ರೂವಿನ ಪಿಚ್‌ನಿಂದ ಭಾಗಿಸಿದ ಅನುಪಾತಕ್ಕೆ ಸಮನಾಗಿರಬೇಕು. ಸ್ಪಿಂಡಲ್‌ನಿಂದ ಮೊದಲ ಗೇರ್‌ವರೆಗಿನ ಜೋಡಣೆ ಒಂದಕ್ಕೊಂದರ ಅನುಪಾತದಲ್ಲಿದೆ ಎಂದು ಈ ಸೂತ್ರ ಭಾವಿಸುತ್ತದೆ. ಹಾಗಿಲ್ಲದ ಲೇತ್‌ಗಳಲ್ಲಿ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಲೀಡ್‌ಸ್ಕ್ರೂ 6 ಮಿ.ಮೀ. ಪಿಚ್‌ನದಾಗಿದ್ದು, ಎಂ10 ಬೋಲ್ಟ್‌ನ 1.5 ಮಿ.ಮೀ. ಥ್ರೆಡ್ ಕೊರೆಯಬೇಕೆಂದಿಟ್ಟುಕೊಳ್ಳಿ. ಅನುಪಾತ 1.5/6, ಅಂದರೆ 1/4. ಡ್ರೈವರ್ 20, ಡ್ರಿವನ್ 80 ಹಲ್ಲಿನವಾದರೆ ಸಾಕು. ಇವೆರಡೂ ಪರಸ್ಪರ ತಲುಪದಿದ್ದರೆ ನಡುವೆ ಐಡ್ಲರ್ ಗೇರ್ ಹಾಕಲಾಗುತ್ತದೆ. ಅದಕ್ಕೆ ಎಷ್ಟೇ ಹಲ್ಲುಗಳಿದ್ದರೂ ಅನುಪಾತ ಬದಲಾಗದು. ತಿರುಗುವ ದಿಕ್ಕು ಮಾತ್ರ ಬದಲಾಗುತ್ತದೆ.

ಲೆಕ್ಕ ಸರಿ, ಜೋಡಣೆ ಅಸಾಧ್ಯ

ಎಂ12 ಬೋಲ್ಟ್‌ನ ಪಿಚ್ 1.75 ಮಿ.ಮೀ. ಅನುಪಾತ 7/24. ಇದಕ್ಕೆ ಎರಡು ಜೋಡಿ ಗೇರ್‌ಗಳನ್ನು ಬಳಸಬಹುದು: 35/60 ಮತ್ತು 20/40. ಗುಣಿಸಿದರೆ ಉತ್ತರ ಸರಿ. ಆದರೆ ಯಂತ್ರದ ಮೇಲೆ ಇವು ಕೂರುವುದಿಲ್ಲ. 60 ಹಲ್ಲಿನ ಗೇರ್ ಮತ್ತು 20 ಹಲ್ಲಿನ ಗೇರ್ ಒಂದೇ ಕೀಲಿನ ಮೇಲಿರುತ್ತವೆ. 20 ಹಲ್ಲಿನ ಗೇರ್ ಲೀಡ್‌ಸ್ಕ್ರೂವಿನ 40 ಹಲ್ಲಿನ ಗೇರ್‌ಗೆ ಕಚ್ಚುವಷ್ಟು ಹತ್ತಿರ ಬರುವ ಮೊದಲೇ ದೊಡ್ಡ ಗೇರ್ ಲೀಡ್‌ಸ್ಕ್ರೂವಿನ ಶಾಫ್ಟ್‌ಗೆ ತಾಗುತ್ತದೆ.

ಪರಿಹಾರ ಸುಲಭ. ಡ್ರಿವನ್ ಗೇರ್‌ಗಳ ಸ್ಥಾನವನ್ನು ಅದಲುಬದಲು ಮಾಡಿ 35/40 ಮತ್ತು 20/60 ಎಂದು ಜೋಡಿಸಿದರೆ ಅನುಪಾತ ಅದೇ ಉಳಿಯುತ್ತದೆ, ಗೇರ್‌ಗಳೂ ಸಲೀಸಾಗಿ ಕೂರುತ್ತವೆ. ಪರಸ್ಪರ ಕಚ್ಚುವ ಎರಡು ಗೇರ್‌ಗಳ ಹಲ್ಲುಗಳ ಮೊತ್ತವು, ಪಕ್ಕದ ಜೋಡಿಯಿಂದ ಬಂದು ಅದೇ ಕೀಲಿನಲ್ಲಿರುವ ಗೇರ್‌ನ ಹಲ್ಲುಗಳಿಗಿಂತ ಕನಿಷ್ಠ 15ರಷ್ಟು ಹೆಚ್ಚಿರಲಿ ಎಂಬುದು ರೂಢಿಯ ನಿಯಮ.

127 ಹಲ್ಲಿನ ಗೇರ್ ಏಕೆ?

ಒಂದು ಇಂಚು 25.4 ಮಿ.ಮೀ.ಗೆ ಸಮ. ಇದನ್ನು ಐದರಿಂದ ಗುಣಿಸಿದರೆ 127 ಬರುತ್ತದೆ. 127 ಅವಿಭಾಜ್ಯ ಸಂಖ್ಯೆಯಾದ್ದರಿಂದ ಸಣ್ಣ ಗೇರ್‌ಗಳಿಂದ ಅದನ್ನು ನಿಖರವಾಗಿ ಪಡೆಯಲಾಗದು. ಇಂಚಿಗೆ 4 ಥ್ರೆಡ್ ಇರುವ ಲೀಡ್‌ಸ್ಕ್ರೂವಿನಿಂದ 1.5 ಮಿ.ಮೀ. ಪಿಚ್ ಕೊರೆಯಲು ಬೇಕಾದ ಅನುಪಾತ 30/127.

ಆ ಗೇರ್ ಸಿಗದೆಂದು 125 ಹಲ್ಲಿನದನ್ನು ಹಾಕಿದರೆ ಪಿಚ್ 1.524 ಮಿ.ಮೀ. ಆಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ 20 ಮಿ.ಮೀ. ಉದ್ದದಲ್ಲಿ ಈ ದೋಷ 0.32 ಮಿ.ಮೀ.ಗೆ ಬೆಳೆದು ನಟ್ ಸಿಲುಕುತ್ತದೆ. 127ರ ಬದಲು 63 ಹಲ್ಲಿನ ಗೇರ್ ಬಳಸುವ ಪರ್ಯಾಯವೂ ಇದೆ. 80/63ರ ಬೆಲೆ 1.27ಕ್ಕೆ ಅತಿ ಸಮೀಪವಾಗಿದ್ದು, 100 ಮಿ.ಮೀ. ಉದ್ದಕ್ಕೆ ದೋಷ ಸುಮಾರು 0.0125 ಮಿ.ಮೀ. ಮಾತ್ರ. ಸಾಮಾನ್ಯ ಬೋಲ್ಟ್‌ಗಳಿಗೆ ಇಷ್ಟು ನಿಖರತೆ ಸಾಕು.

ಜೋಡಿಸುವ ಕ್ರಮ

* ಮುಖ್ಯ ಸ್ವಿಚ್ ಆರಿಸಿದ ಮೇಲಷ್ಟೇ ಮುಚ್ಚಳ ತೆರೆಯಿರಿ. ಚಲಿಸುತ್ತಿರುವ ಗೇರ್‌ಗಳ ನಡುವೆ ಸಿಲುಕಿದ ಬೆರಳು ಉಳಿಯುವುದು ಕಷ್ಟ.

* ಗೇರ್‌ಗಳ ಹಲ್ಲುಗಳನ್ನು ಒರೆಸಿ, ನಡುವೆ ಸಿಲುಕಿದ ಲೋಹದ ಚೂರುಗಳನ್ನು ತೆಗೆಯಿರಿ.

* ಎರಡು ಗೇರ್‌ಗಳ ನಡುವೆ ತೆಳುವಾದ ಕಾಗದದ ಪಟ್ಟಿಯಿಟ್ಟು ಕಚ್ಚಿಸಿ, ಕೀಲನ್ನು ಬಿಗಿಗೊಳಿಸಿ, ಅನಂತರ ಕಾಗದವನ್ನು ಹೊರತೆಗೆಯಿರಿ. ಬೇಕಾದಷ್ಟು ಸಡಿಲ ತಾನಾಗಿಯೇ ಉಳಿಯುತ್ತದೆ.

* ಸ್ಪಿಂಡಲ್ ಅನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲಿಯೂ ತಡೆಯಿಲ್ಲವೆಂದು ಖಾತ್ರಿಯಾದ ಮೇಲೆ ಮುಚ್ಚಳ ಹಾಕಿ.

ಗೀರು ಪರೀಕ್ಷೆ

ಆಳವಾಗಿ ಕೊರೆಯುವ ಮುನ್ನ ಲೋಹದ ಮೇಲೆ ಉಳಿಯಿಂದ ಗೀರು ಮಾತ್ರ ಮೂಡಿಸಿ. ಮೊದಲ ಗೀರಿನಿಂದ ಹನ್ನೊಂದನೆಯ ಗೀರಿನವರೆಗೆ ಅಳೆದರೆ ಹತ್ತು ಪಿಚ್‌ಗಳಾಗುತ್ತವೆ. 1.5ರ ಪಿಚ್‌ಗೆ 15 ಮಿ.ಮೀ., 1.75ಕ್ಕೆ 17.5 ಮಿ.ಮೀ. ಬರಬೇಕು. ಪಿಚ್ ಗೇಜ್‌ನಿಂದಲೂ ತಾಳೆ ನೋಡಬಹುದು. ತಪ್ಪು ಕಂಡರೆ ಗೀರನ್ನು ತಿರುವಿ ಅಳಿಸಬಹುದು, ಲೋಹ ಹಾಳಾಗದು.

ಹಾಫ್‌ನಟ್ ವಿಷಯದಲ್ಲೂ ಎಚ್ಚರ ಅಗತ್ಯ. 6 ಮಿ.ಮೀ. ಲೀಡ್‌ಸ್ಕ್ರೂವಿನಲ್ಲಿ 1.5ರ ಥ್ರೆಡ್ ಕೊರೆಯುವಾಗ ಅದನ್ನು ಎಲ್ಲಿ ಮುಚ್ಚಿದರೂ ಉಳಿ ಹಳೆಯ ಗೀರಿಗೇ ಇಳಿಯುತ್ತದೆ, ಏಕೆಂದರೆ 1.5ರಿಂದ 6 ನಿಶ್ಶೇಷವಾಗಿ ಭಾಗವಾಗುತ್ತದೆ. 1.75ಕ್ಕೆ ಈ ಅನುಕೂಲವಿಲ್ಲ. ಅಲ್ಲಿ ಥ್ರೆಡ್ ಡಯಲ್‌ನ ಗುರುತನ್ನು ಅನುಸರಿಸಬೇಕು. ಇಂಚಿನ ಲೀಡ್‌ಸ್ಕ್ರೂವಿನಲ್ಲಿ ಮೆಟ್ರಿಕ್ ಥ್ರೆಡ್ ಕೊರೆಯುವಾಗಲಂತೂ ಕೆಲಸ ಮುಗಿಯುವವರೆಗೆ ಹಾಫ್‌ನಟ್ ತೆರೆಯದೆ, ಉಳಿಯನ್ನು ಹೊರಗೆಳೆದು ಯಂತ್ರವನ್ನು ಹಿಮ್ಮುಖವಾಗಿ ಓಡಿಸಿ ಮರಳಿ ತರುವುದೇ ಸುರಕ್ಷಿತ ಮಾರ್ಗ.

ಹೊಂದಿಸಿದ ಗೇರ್‌ಗಳ ಸಂಖ್ಯೆಯನ್ನು ಪ್ರತಿ ಬಾರಿಯೂ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಮುಂದಿನ ಸಲ ಅದೇ ಕೆಲಸ ಬಂದಾಗ ಲೆಕ್ಕ ಸಿದ್ಧವಿರುತ್ತದೆ. ಆದರೂ ಗೀರು ಪರೀಕ್ಷೆಯನ್ನು ಮಾತ್ರ ಬಿಡಬಾರದು.