ಬೆಳೆ ರಕ್ಷಣೆಯ ಕೋವಿ ಪರವಾನಗಿ (ಆಲಂಕಾರು ಪರಿಸರ)

ಬೆಳೆ ರಕ್ಷಣೆಯ ಕೋವಿ ಪರವಾನಗಿ: ಕಾಡುಪ್ರಾಣಿಗಳಿಂದ ಫಸಲು ಕಾಯಲು ಕೃಷಿಕರು ಇಟ್ಟುಕೊಳ್ಳುವ ಬಂದೂಕಿಗೆ ಸರಕಾರ ಕೊಡುವ ಅನುಮತಿ. ದಕ್ಷಿಣ ಕನ್ನಡದ ಕಡಬ ತಾಲೂಕಿನ ಆಲಂಕಾರು ಮತ್ತು ಅದರ ಆಸುಪಾಸಿನ ಪುತ್ತೂರು, ಸುಳ್ಯ ಸೀಮೆಯ ಅಡಿಕೆ ತೋಟಗಳಲ್ಲಿ ಇಂಥ ಕೋವಿಗಳಿವೆ. ಭಾರತದಲ್ಲಿ ಬೇಟೆಯ ಪರವಾನಗಿ ಈಗ ಇಲ್ಲದ ಕಾರಣ, ಬೇರೆ ದೇಶಗಳಲ್ಲಿ ಬೇಟೆಯ ಬಗ್ಗೆ ಹೇಳುವ, ಯುವಜನರಿಗೆ ಪರವಾನಗಿ ಕೈಗೆಟುಕುವಂತಿರಬೇಕು ಎಂಬ ವಿಚಾರ ಇಲ್ಲಿ ಅನ್ವಯಿಸುವುದು ಈ ಕೋವಿಗೆ ಮಾತ್ರ.

ಹಿನ್ನೆಲೆ

ತುಳುನಾಡಿನಲ್ಲಿ ಭೂಮಿಪೂಜೆಯ ಹಬ್ಬವಾದ ಕೆಡ್ಡಸದ ದಿನಗಳಲ್ಲಿ ಊರಿನ ಗಂಡಸರು ಒಟ್ಟಾಗಿ ಬೇಟೆಗೆ ಹೋಗುವ ವಾಡಿಕೆಯಿತ್ತು. 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಈ ಜಿಲ್ಲೆಗೆ 1878ರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತಿತ್ತು. ನೆರೆಯ ಕೊಡಗಿನ ಕೊಡವರಿಗೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೋವಿ ಪರವಾನಗಿಯಿಂದ ಕೊಟ್ಟ ವಿನಾಯಿತಿ ಇಂದಿಗೂ ಮುಂದುವರಿದಿದೆ. ಘಟ್ಟದ ಕೆಳಗಿನ ಕೃಷಿಕರಿಗೆ ಅದು ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಮುಂತಾಗಿ ಪ್ರತ್ಯೇಕ ಪರವಾನಗಿಗಳಿಗೆ ಅವಕಾಶವಿತ್ತು. 1991ರ ತಿದ್ದುಪಡಿ ಅವನ್ನು ರದ್ದುಪಡಿಸಿತು.

ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಅನುಮತಿ ಕೊಡಬಹುದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಸುಬ್ರಹ್ಮಣ್ಯದ ಕಡೆ, ಪುಷ್ಪಗಿರಿ ಅಭಯಾರಣ್ಯದ ಬುಡದಲ್ಲಿರುವ ಊರುಗಳಿಗೆ ಇದು ಅನ್ವಯ.

ಕೋವಿ ಕೈಯಲ್ಲಿದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ. ಕಾಡುಹಂದಿ ಬೆಳೆಗೆ ಅಪಾಯಕಾರಿಯಾದರೆ ಅರಣ್ಯಾಧಿಕಾರಿಯ ಲಿಖಿತ ಆದೇಶದ ಮೇಲೆ ಮಾತ್ರ ಹೊಡೆಯಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ನಮ್ಮ ತೋಟಗಳ ಸಾಮಾನ್ಯ ಮಂಗವೂ ನವಿಲಿನಂತೆ ಮೊದಲ ಅನುಸೂಚಿಯಲ್ಲಿದೆ. ಫಸಲು ಹಾಳುಮಾಡಿತೆಂದು ಇವನ್ನು ಕೊಲ್ಲುವಂತಿಲ್ಲ.

ಬಳಕೆ

ಕೇಪಿನ ಕೋವಿಯ ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಜಡಿದು, ಹಿಂಬದಿಯ ಮೊಲೆಯ ಮೇಲೆ ಕೇಪು ಕೂರಿಸಿ ಈಡು ಹೊಡೆಯುತ್ತಾರೆ. ಮಂಗಗಳನ್ನು ಎಳನೀರು, ಕೊಕ್ಕೊ, ಬಾಳೆಗೊನೆಗಳಿಂದ ದೂರ ಓಡಿಸಲು ಗುಂಡಿಲ್ಲದ ಸದ್ದಷ್ಟೇ ಸಾಕು. ಹಂದಿ ಬರುವುದು ರಾತ್ರಿ. ಗೆಣಸು, ಮರಗೆಣಸು, ಎಳೆಯ ಅಡಿಕೆ ಸಸಿಗಳ ಬುಡವನ್ನು ಅದು ಅಗೆದು ಹಾಕುತ್ತದೆ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದರೆ ಆ ವಾರಗಳಲ್ಲಿ ತೋಟಕ್ಕೆ ಈ ಕಾವಲು ಇರುವುದಿಲ್ಲ.

ಯುವ ಕೃಷಿಕರು ಮತ್ತು ವೆಚ್ಚ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿಯ ಜತೆಗೆ ವೈದ್ಯಕೀಯ ಪ್ರಮಾಣಪತ್ರ ಮತ್ತು ಸುರಕ್ಷತಾ ತರಬೇತಿ ಬೇಕು. ಪೊಲೀಸ್ ವರದಿ ಬರಬೇಕು. ಹೊಸದಾಗಿ ಕೃಷಿಗಿಳಿದ ಯುವಕ ಯುವತಿಯರಿಗೆ ಸರಕಾರಿ ಶುಲ್ಕಕ್ಕಿಂತ ಕಚೇರಿಗಳ ಓಡಾಟ, ಕೆಲಸ ಬಿಟ್ಟ ದಿನಗಳು, ಕೋವಿಯ ಬೆಲೆಯೇ ಭಾರ. 70 ವರ್ಷ ತುಂಬಿದವರು ಅಥವಾ 25 ವರ್ಷ ಕೋವಿ ಹೊಂದಿದವರು ಅದನ್ನು ವಾರಸುದಾರರಿಗೆ ವರ್ಗಾಯಿಸಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಹಿರಿಯರ ಕೋವಿ ಮಕ್ಕಳಿಗೆ ದಾಟುವ ಈ ದಾರಿಯಲ್ಲಿ ಹೊಸದನ್ನು ಕೊಳ್ಳುವ ಖರ್ಚು ಉಳಿಯುತ್ತದೆ. ಆದರೆ ವಾರಸುದಾರರೂ ಪರವಾನಗಿಗೆ ಅರ್ಹರಾಗಿರಲೇಬೇಕು.

ಇತರೆಡೆ

ಅಮೆರಿಕದ ಅನೇಕ ರಾಜ್ಯಗಳು ಎಳೆಯರಿಗೆ ಬೇಟೆ ಪರವಾನಗಿಯನ್ನು ರಿಯಾಯಿತಿ ದರದಲ್ಲಿ ಕೊಡುತ್ತವೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ತೋಟೆಗಳ ಮೇಲಿನ ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹಂಚಿಕೆಯಾಗುತ್ತದೆ. ಹಂಚಿಕೆಯಲ್ಲಿ ಪರವಾನಗಿದಾರರ ಸಂಖ್ಯೆಯೂ ಲೆಕ್ಕಕ್ಕೆ ಬರುವುದರಿಂದ ಹೊಸ ಬೇಟೆಗಾರರು ಅಲ್ಲಿನ ವ್ಯವಸ್ಥೆಗೆ ಬೇಕು. ಇಲ್ಲಿ ಬೇಟೆಯಿಂದ ಸಂರಕ್ಷಣೆಗೆ ಹಣ ಬರುವ ಪದ್ಧತಿಯೇ ಇಲ್ಲ. ಬೆಳೆ ರಕ್ಷಣೆಗೆ ಹತ್ತಿರದ ಮಾದರಿ ಕೇರಳದ್ದು: 2022ರಲ್ಲಿ ಆ ಸರಕಾರ ಕಾಡುಹಂದಿ ನಿಯಂತ್ರಣದ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ ಬಳಸುವುದನ್ನು ಅಲ್ಲಿ ನಿಷೇಧಿಸಲಾಗಿದೆ.

ಆಲಂಕಾರಿನಂಥ ಊರುಗಳಲ್ಲಿ ಯುವಕರನ್ನು ಕೃಷಿಯಲ್ಲಿ ಉಳಿಸಬೇಕಾದರೆ ಶುಲ್ಕ ಇಳಿಸುವುದಷ್ಟೇ ಸಾಲದು. ಸುರಕ್ಷತಾ ತರಬೇತಿ ತಾಲೂಕು ಮಟ್ಟದಲ್ಲೇ ಸಿಗಬೇಕು, ವಾರಸುದಾರರಿಗೆ ವರ್ಗಾವಣೆ ಬೇಗ ಆಗಬೇಕು, ಯಾವ ಪ್ರಾಣಿಯನ್ನು ಓಡಿಸಬಹುದು, ಯಾವುದನ್ನು ಆದೇಶವಿಲ್ಲದೆ ಮುಟ್ಟುವಂತಿಲ್ಲ ಎಂಬ ಪಾಠ ಕೋವಿಯ ಜತೆಗೇ ಸಿಗಬೇಕು.