ಇಂಗಾಲದ ಚಕ್ರ: ಮಲೆನಾಡಿನ ಮರದಿಂದ ಭದ್ರಾವತಿಯ ಕುಲುಮೆಯವರೆಗೆ

ಶಿವಮೊಗ್ಗದ ಗಾಂಧಿ ಬಜಾರಿಗೆ ಬರುವ ಅಕ್ಕಿ, ಅಡಕೆ, ಬಾಳೆ ಎಲೆ, ಹತ್ತಿ ಬಟ್ಟೆ ಇವೆಲ್ಲವುಗಳ ಒಡಲಿನಲ್ಲಿರುವ ಮುಖ್ಯ ಮೂಲವಸ್ತು ಒಂದೇ. ಅದು ಇಂಗಾಲ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ ಆಗಿರುತ್ತದೆ. ಗಿಡಮರಗಳು ಇದನ್ನು ಪಡೆಯುವುದು ಮಣ್ಣಿನಿಂದಲ್ಲ, ಗಾಳಿಯಿಂದ.

ಗಾಳಿ, ಎಲೆ, ಮಣ್ಣು

ಎಲೆಯ ಪತ್ರಹರಿತ್ತು ಸೂರ್ಯನ ಬೆಳಕನ್ನು ಹೀರಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಹಾಗೂ ಬೇರಿನಿಂದ ಬಂದ ನೀರನ್ನು ಬಳಸಿ ಸಕ್ಕರೆಯನ್ನು ತಯಾರಿಸುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಅನ್ನ ಉಂಡ ಮನುಷ್ಯನೂ ಹುಲ್ಲು ಮೇಯ್ದ ದನವೂ ಆ ಇಂಗಾಲದ ಬಹುಭಾಗವನ್ನು ಉಸಿರಿನ ಮೂಲಕ ಗಾಳಿಗೆ ಮರಳಿಸುತ್ತವೆ. ಉದುರಿದ ತರಗೆಲೆಯನ್ನು ಸೂಕ್ಷ್ಮಜೀವಿಗಳು ಕೊಳೆಯಿಸುತ್ತವೆ. ಅದರ ಒಂದಂಶ ಮಣ್ಣಿನಲ್ಲಿ ಉಳಿಯುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಆಮ್ಲಜನಕದ ಕೊರತೆಯಿಂದ ಕೊಳೆತವು ಮೀಥೇನ್ ಅನಿಲವಾಗಿ ಹೊರಬರುತ್ತದೆ. ಮಳೆಗಾಲದಲ್ಲಿ ತುಂಗೆ ಮತ್ತು ಭದ್ರೆಯರು ಕೊಚ್ಚಿ ತರುವ ಇಂಗಾಲದ ಒಂದು ಪಾಲು ಕೂಡಲಿಯ ಸಂಗಮವನ್ನು ದಾಟಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ.

ಕುಲುಮೆಯೊಳಗೆ ಕಾಡು

ಈ ಚಕ್ರದಲ್ಲಿ ಮನುಷ್ಯನ ಕೈವಾಡಕ್ಕೆ ಭದ್ರಾವತಿಯೇ ಉದಾಹರಣೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಇಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲವಾದ್ದರಿಂದ ಮಲೆನಾಡಿನ ಮರವನ್ನೇ ಇದ್ದಿಲಾಗಿಸಿ ಬಳಸಲಾಯಿತು. ಗಾಳಿಯಾಡದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿದಾಗ ಏಳುವ ಹೊಗೆಯನ್ನು ತಣಿಸಿ ಮೀಥೈಲ್ ಆಲ್ಕೋಹಾಲ್ ಮತ್ತು ಟಾರನ್ನೂ ಪಡೆಯಲಾಗುತ್ತಿತ್ತು.

ಕುಲುಮೆಯಲ್ಲಿ ಇದ್ದಿಲಿನದು ಎರಡು ಕೆಲಸ: ಶಾಖ ಕೊಡುವುದು, ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆಯುವುದು. ಹೀಗೆ ಮರದ ಇಂಗಾಲದ ಹೆಚ್ಚಿನ ಪಾಲು ಅನಿಲವಾಗಿ ಗಾಳಿಗೆ ಸೇರಿದರೆ, ಸ್ವಲ್ಪ ಭಾಗ ಕಬ್ಬಿಣದಲ್ಲಿಯೇ ಕರಗಿ ಉಳಿಯುತ್ತದೆ. ಬೀಡು ಕಬ್ಬಿಣದಲ್ಲಿ ಶೇ. 4ರಷ್ಟು ಇಂಗಾಲ ಇರುವುದು ಸಾಮಾನ್ಯ. ಮುಂದೆ ವಿದ್ಯುತ್ ಕುಲುಮೆಗಳು ಬಂದು ಶಾಖದ ಹೊಣೆ ಹೊತ್ತರೂ, ಆಮ್ಲಜನಕವನ್ನು ಬೇರ್ಪಡಿಸಲು ಇಂಗಾಲ ಬೇಕೇ ಆಯಿತು.

ವೇಗವೇ ಸಮಸ್ಯೆ

ಕಡಿದ ಮರದ ಜಾಗದಲ್ಲಿ ಮತ್ತೊಂದು ಮರ ಬೆಳೆದರೆ, ಗಾಳಿಗೆ ಹೋದ ಇಂಗಾಲ ಕೆಲವು ದಶಕಗಳಲ್ಲಿ ಮರಳಿ ಬರುತ್ತದೆ. ಕಾಡು ಮತ್ತೆ ಚಿಗುರದಿದ್ದರೆ ಆ ಲೆಕ್ಕ ಸರಿಹೋಗುವುದಿಲ್ಲ. ಕಲ್ಲಿದ್ದಲಿನ ಕಥೆ ಬೇರೆ. ಭಾರತದ ಕಲ್ಲಿದ್ದಲಿನ ಬಹುಪಾಲು 25 ಕೋಟಿ ವರ್ಷಗಳಿಗೂ ಹಿಂದಿನ ಸಸ್ಯರಾಶಿ. ಅದನ್ನು ಉರಿಸುವುದಕ್ಕೆ ಕ್ಷಣ ಸಾಕು. ಮರಳಿ ಭೂಗರ್ಭ ಸೇರಿಸುವ ಕೆಲಸ ಮನುಷ್ಯನ ಕಾಲಮಾನಕ್ಕೆ ನಿಲುಕದು.

ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು ಸುಮಾರು 280 ಇದ್ದವು. ಈಗ ಆ ಸಂಖ್ಯೆ 420ನ್ನು ಮೀರಿದೆ. ಮನುಷ್ಯ ಹೊರಬಿಡುವುದರಲ್ಲಿ ಸರಿಸುಮಾರು ಅರ್ಧವನ್ನು ಕಾಡು, ಮಣ್ಣು ಮತ್ತು ಸಾಗರಗಳು ಹೀರಿಕೊಳ್ಳುತ್ತಿವೆ. ಉಳಿದರ್ಧ ಗಾಳಿಯಲ್ಲಿಯೇ ಸೇರಿ ಭೂಮಿಯ ತಾಪವನ್ನು ಏರಿಸುತ್ತಿದೆ. ಮಲೆನಾಡಿನ ಕಾಡು ಉಳಿಯಬೇಕೆಂಬ ಮಾತಿಗೆ ಮಳೆ, ಬೆಳೆಗಳ ಜೊತೆಗೆ ಈ ಲೆಕ್ಕವೂ ಆಧಾರವಾಗಿದೆ.